ಪೀನಟ್ ಬಟರ್: ಕಂಪನಿಯದೋ ನ್ಯಾಚುರಲ್ಲೋ? ಮಡಿಕೇರಿ ಮಳೆಯಲ್ಲಿ ಯಾವುದು ತಡೆಯುತ್ತೆ?

ನ್ಯಾಚುರಲ್ ಬಾಟ್ಲಿಯಲ್ಲಿ ಎಣ್ಣೆ ಮೇಲೆ ನಿಂತಿತ್ತು, ಕೆಟ್ಟಿದೆ ಅಂತ ಬಗ್ಗಿಸಿ ಚೆಲ್ಲಿದೆ, ಉಳಿದದ್ದು ಚಮಚಕ್ಕೇ ಬರುತ್ತಿಲ್ಲ, ಇನ್ನು ಕಂಪನಿಯದೇ ತರಲಾ ಅಂತ ಕೇಳಿದ್ದೀರಿ. ನೀವು ಎಣ್ಣೆ ತೆಗೆದು ಕೆಡಿಸಿದಿರಿ. ನಾನು ನೀರು ಹಾಕಿ ಕೆಡಿಸಿದ್ದೆ.

ಜುಲೈ ತಿಂಗಳು, ಮಡಿಕೇರಿ. ಒಂದು ಕಿಲೋ ಕಡಲೆಬೀಜ ಸಂಜೆ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಹರಡಿ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಮಿಕ್ಸಿಗೆ ಹಾಕಿದರೆ ಪುಡಿಯಾಯಿತು, ಉಂಡೆ ಕಟ್ಟಿತು, ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಚಟ್ನಿ ರುಬ್ಬಿದ ಕೈ, ಎರಡು ಚಮಚ ಬಿಸಿನೀರು ಬಿಟ್ಟೆ. ಸಡಿಲವಾಗುವ ಬದಲು ರೊಟ್ಟಿ ಹಿಟ್ಟಿನ ಹಾಗೆ ಬಿಗಿದುಕೊಂಡಿತು. ಇನ್ನೆರಡು ಚಮಚ ಬಿಟ್ಟೆ. ಬ್ಲೇಡ್ ನಿಂತಿತು, ಮೋಟರಿನ ವೈಂಡಿಂಗ್ ಸುಟ್ಟಿತು. ಬಾಟ್ಲಿಗೆ ತುಂಬಿದ್ದಷ್ಟಕ್ಕೂ ಐದನೇ ದಿನ ಬೂಷ್ಟು.

ಹೀಗೇಕಾಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನ್. ಅರೆದಾಗ ಎಣ್ಣೆ ಹೊರಬಂದು, ಉಳಿದ ನುಣ್ಣನೆ ಕಣಗಳು ಅದರಲ್ಲಿ ತೇಲುತ್ತವೆ. ಪೀನಟ್ ಬಟರ್ ಅಂದರೆ ಅಷ್ಟೇ. ಆ ಕಣಗಳಲ್ಲಿರುವ ಪ್ರೋಟೀನ್, ಪಿಷ್ಟ, ಸಕ್ಕರೆಗೆ ನೀರು ಕಂಡರೆ ಆಸೆ. ಸ್ವಲ್ಪ ನೀರು ಸಿಕ್ಕರೂ ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜಾರುವುದು ನಿಲ್ಲುತ್ತದೆ. ಕರಗಿಸಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೆ ಗಂಟಾಗುವುದೂ ಇದೇ ಕಾರಣಕ್ಕೆ. ಚಟ್ನಿಯಲ್ಲಿ ನೀರೇ ಹೆಚ್ಚು, ಕಣಗಳು ನೀರಿನಲ್ಲಿ ತೇಲುತ್ತವೆ, ಅದಕ್ಕೆ ಅಲ್ಲಿ ನೀರು ಬಿಟ್ಟಷ್ಟೂ ತೆಳುವಾಗುತ್ತದೆ. ಇಲ್ಲಿ ನೀರು ಬಿಟ್ಟಷ್ಟೂ ಬಿಗಿಯುತ್ತದೆ, ತೆಳುವಾಗಿಯೇ ತೀರಬೇಕೆಂದರೆ ಚಟ್ನಿಯೇ ಆಗಬೇಕು. ಆ ಚಟ್ನಿ ಅವತ್ತಿಗೆ ಸರಿ, ನಾಳೆಗಿಲ್ಲ.

ನನ್ನ ತಪ್ಪು ಆ ನಾಲ್ಕು ಚಮಚದಲ್ಲಿ ಶುರುವಾದದ್ದಲ್ಲ, ಹಿಂದಿನ ರಾತ್ರಿ ಮೊರದಲ್ಲೇ ಶುರುವಾಗಿತ್ತು. ಚೆನ್ನಾಗಿ ಹುರಿದ ಬೀಜದಲ್ಲಿ ತೇವ ಶೇಕಡಾ 2ರ ಒಳಗೆ ಇಳಿದಿರುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಲ್ಲಿ ಅದನ್ನು ರಾತ್ರಿಯಿಡೀ ಬಿಚ್ಚಿಟ್ಟರೆ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಕಾಫಿ, ಕರಿಮೆಣಸು ಒಣಗಿಸುವವರಿಗೆ ಇದನ್ನು ಹೇಳಬೇಕಾಗಿಲ್ಲ. ಒಣಗಿದ ಕಾಫಿಯನ್ನು ಒಂದು ರಾತ್ರಿ ಕಣದಲ್ಲಿ ಮುಚ್ಚದೆ ಬಿಡುವವರಿದ್ದಾರಾ? ಅಡುಗೆಮನೆಗೆ ಬಂದಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಹಾಗಾಗಿ ಕಂಪನಿಯದೋ ನ್ಯಾಚುರಲ್ಲೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನ್ಯಾಚುರಲ್ ಅಂತ ಬರೆದ ಬಾಟ್ಲಿಯೂ ಕಂಪನಿಯದೇ. ಮುಂದಿನ ದೊಡ್ಡಕ್ಷರ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ, ಯಾವುದು ಹೆಚ್ಚಿದೆಯೋ ಅದು ಮೊದಲು ಬರುವ ಕ್ರಮದಲ್ಲಿ ಪಟ್ಟಿ ಇರುತ್ತದೆ. ಬರೀ ಕಡಲೆಬೀಜ, ಹೆಚ್ಚೆಂದರೆ ಉಪ್ಪು ಇದ್ದರೆ ಎಣ್ಣೆ ಮೇಲೆ ನಿಲ್ಲಲೇಬೇಕು. ಕಣ ಭಾರ, ಎಣ್ಣೆ ಹಗುರ, ಅದು ಕೆಟ್ಟ ಲಕ್ಷಣವೇ ಅಲ್ಲ. ನಿಲ್ಲದ ಬಾಟ್ಲಿಯಲ್ಲಿ ಹೈಡ್ರೋಜನೀಕರಿಸಿದ, ಅಂದರೆ ಗಟ್ಟಿಯಾಗುವಂತೆ ಮಾಡಿದ ಎಣ್ಣೆಯನ್ನು ಶೇಕಡಾ 1–2ರಷ್ಟು ಬಿಸಿಯಲ್ಲಿ ಬೆರೆಸಿರುತ್ತಾರೆ, ಅದು ತಣಿದಾಗ ಸಣ್ಣ ಹರಳುಗಳ ಬಲೆ ಕಟ್ಟಿ ಎಣ್ಣೆಯನ್ನು ಹಿಡಿದಿಡುತ್ತದೆ. ಕೆಲವರು ಬದಲಿಗೆ ತಾಳೆ ಎಣ್ಣೆ ಹಾಕುತ್ತಾರೆ. ಹೈಡ್ರೋಜನೀಕರಿಸಿದ ಎಣ್ಣೆ ಬಳಸುವುದು 1920ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಕಂಡುಹಿಡಿದ ಉಪಾಯ. ಎರಡು ದೊಡ್ಡ ಚಮಚ, ಅಂದರೆ 32 ಗ್ರಾಂನಲ್ಲಿ ಆ ಗಟ್ಟಿ ಕೊಬ್ಬು ಅರ್ಧ ಗ್ರಾಂ ಆಸುಪಾಸು. ವಿಷ ಅಂತ ಹೆದರುವಷ್ಟಿಲ್ಲ. ನಾನು ನೋಡುವುದು ಸಕ್ಕರೆ: 100 ಗ್ರಾಂಗೆ ಸೇರಿಸಿದ ಸಕ್ಕರೆ 5 ಗ್ರಾಂ ದಾಟಿದ್ದರೆ ವಾಪಸ್ ಇಟ್ಟುಬಿಡುತ್ತೇನೆ.

ನಿಜವಾಗಿ ಹೆದರಬೇಕಾದದ್ದು ಬೂಷ್ಟಿಗೆ. ತೇವ ಹಿಡಿದ ಕಡಲೆಬೀಜದಲ್ಲಿ ಬೆಳೆಯುವ ಒಂದು ಜಾತಿಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಲಿವರಿಗೆ ಕೆಟ್ಟದ್ದು. ಮನೆಯಲ್ಲಿ ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಕಡಲೆಕಾಯಿ ಕೊಡಗಿನ ಬೆಳೆಯಲ್ಲ, ಚಳ್ಳಕೆರೆ, ಪಾವಗಡದಂಥ ಒಣ ಸೀಮೆಯದು. ಅಲ್ಲಿ ಒಣಗಿಯೇ ಇದ್ದ ಬೀಜ ಇಲ್ಲಿನ ಅಂಗಡಿಯ ಗೋಣಿಯಲ್ಲಿ ಎರಡು ತಿಂಗಳು ಕೂತರೆ ಮೆತ್ತಗಾಗುತ್ತದೆ. ಶುಕ್ರವಾರದ ಸಂತೆಯಲ್ಲಿ ಕೊಳ್ಳುವಾಗ ಒಂದು ಬೀಜ ಮುರಿದು ನೋಡಿ, ಟಕ್ ಅನ್ನಬೇಕು, ಬಾಗಬಾರದು. ಮನೆಗೆ ತಂದು ಹುರಿಯುವ ಮುಂಚೆ ಸುಕ್ಕಿದ್ದು, ಕಪ್ಪಾದದ್ದು, ಹಸಿರು ಪುಡಿ ಕಂಡದ್ದು ಎಲ್ಲ ಆರಿಸಿ ಎಸೆಯಿರಿ. ಕಹಿ ಬೀಜ ಬಾಯಿಗೆ ಸಿಕ್ಕರೆ ಉಗಿಯಿರಿ. ಅರೆದ ಮೇಲೆ ಬೂಷ್ಟು ಕಂಡರೆ ಮೇಲಿನ ಪದರ ತೆಗೆದು ಉಳಿದದ್ದು ತಿನ್ನಬೇಡಿ, ಇಡೀ ಬಾಟ್ಲಿ ಹೋಗಲಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯಲ್ಲಿ ಮಾಡುವುದಾದರೆ ಒಮ್ಮೆಗೆ 300 ಗ್ರಾಂ, ಜಾಸ್ತಿ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ 15–18 ನಿಮಿಷ. ಸಿಪ್ಪೆ ತಾನಾಗಿ ಬಿರಿದು, ಒಳಗೆ ತಿಳಿ ಕಂದು ಬಣ್ಣ ಬಂದಾಗ ಇಳಿಸಿ. ಕೈ ತಡೆಯುವಷ್ಟು ಆರಿದ ಕೂಡಲೇ ಬಟ್ಟೆಯಲ್ಲಿ ಉಜ್ಜಿ, ಕೇರಿ, ಬೆಚ್ಚಗಿರುವಾಗಲೇ ಮಿಕ್ಸಿಗೆ. ಬಿಸಿ ಬೀಜ ಬೇಗ ಎಣ್ಣೆ ಬಿಡುತ್ತದೆ, ತಣ್ಣಗಾದರೆ ಮೋಟರಿಗೆ ಕಷ್ಟ. ಜಾರನ್ನು ಹಿಂದಿನ ದಿನವೇ ತೊಳೆದು ಒಲೆ ಹತ್ತಿರ ಒಣಗಿಸಿಡಿ, ಬ್ಲೇಡಿನ ಅಡಿಯಲ್ಲಿ ನಿಲ್ಲುವ ನೀರು ಒರೆಸಿದರೆ ಹೋಗುವುದಿಲ್ಲ. ಒಂದು ನಿಮಿಷ ಓಡಿಸಿ, ಎರಡು ನಿಮಿಷ ನಿಲ್ಲಿಸಿ, ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ಓಡಿಸಿ. ಪುಡಿ ಆಗುತ್ತದೆ, ಆಮೇಲೆ ಉಂಡೆ. ಎಲ್ಲರೂ ಧೈರ್ಯ ಕಳೆದುಕೊಳ್ಳುವುದು ಈ ಉಂಡೆಯ ಹಂತದಲ್ಲಿ. ಇನ್ನು ಮೂರು ನಾಲ್ಕು ಸುತ್ತು ಬಿಟ್ಟರೆ ಹೊಳಪು ಬಂದು ತಾನೇ ಸಡಿಲಾಗುತ್ತದೆ. ಆಗಲೇ ಇಲ್ಲವೆಂದರೆ ಎರಡು ಚಮಚ ಕಡಲೆಕಾಯಿ ಎಣ್ಣೆ, ನೀರು ಮಾತ್ರ ಬೇಡ. ಉಪ್ಪು ಅರ್ಧ ಚಮಚಕ್ಕಿಂತ ಕಡಿಮೆ, ಅದೂ ಬಾಣಲೆಯಲ್ಲಿ ಬೆಚ್ಚಗೆ ಮಾಡಿದ್ದು, ಮಳೆಗಾಲದಲ್ಲಿ ಡಬ್ಬಿಯ ಉಪ್ಪೂ ಬೆವರಿರುತ್ತದೆ.

ಜೇನು ಬೆರೆಸಿಡುವ ಆಸೆ ಕೊಡಗಿನಲ್ಲಿ ಯಾರಿಗಾದರೂ ಬರುತ್ತದೆ. ಜೇನಿನಲ್ಲಿ ಐದರಲ್ಲೊಂದು ಭಾಗ ನೀರು, ಬಾಟ್ಲಿಗೆ ಸುರಿದರೆ ನನ್ನ ಮಿಕ್ಸಿಯ ಕಥೆಯೇ. ತಟ್ಟೆಯಲ್ಲಿ, ಅಕ್ಕಿ ರೊಟ್ಟಿಯ ಮೇಲೆ ಬೇಕಾದಷ್ಟು ಹಾಕಿಕೊಳ್ಳಿ.

ಫ್ರಿಜ್ಜಿನಲ್ಲಿ ಇಟ್ಟರೆ ಎರಡು ತಿಂಗಳು ಧೈರ್ಯವಾಗಿ ತಿನ್ನಬಹುದು, ಹೊರಗೆ ಮಳೆಗಾಲದಲ್ಲಿ ನಾನು ಎರಡು ವಾರಕ್ಕಿಂತ ಇಡುವುದಿಲ್ಲ. ತಣ್ಣನೆ ಬಾಟ್ಲಿಯನ್ನು ಮೇಜಿನ ಮೇಲೆ ಬಾಯಿ ಬಿಚ್ಚಿ ಬಿಟ್ಟರೆ ಗಾಳಿಯ ತೇವ ಒಳಗೇ ಹನಿಯಾಗುತ್ತದೆ, ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ. ಇಷ್ಟೆಲ್ಲ ಮಾಡುವ ಪುರುಸೊತ್ತಿಲ್ಲ, ಮಕ್ಕಳು ಒದ್ದೆ ಚಮಚ ಹಾಕುತ್ತಾರೆ ಅನ್ನುವ ಮನೆಗೆ ಮಳೆಗಾಲದಲ್ಲಿ ಸಕ್ಕರೆ ಕಡಿಮೆಯಿರುವ ಕಂಪನಿಯ ಸಣ್ಣ ಬಾಟ್ಲಿಯೇ ಸರಿ. ಒಂದು ಕಿಲೋದ್ದು ಅಗ್ಗ ಅಂತ ತರಬೇಡಿ.

ಈಗ ನಿಮ್ಮ ಹತ್ತಿರ ಇರುವ ಗಟ್ಟಿ ಬಾಟ್ಲಿ. ಎಸೆಯಬೇಡಿ. ಮುಚ್ಚಳ ಬಿಗಿ ಮಾಡಿ, ಬಿಸಿನೀರಿನ ಪಾತ್ರೆಯಲ್ಲಿ ಕುತ್ತಿಗೆ ಮುಳುಗದ ಹಾಗೆ ಹತ್ತು ನಿಮಿಷ ನಿಲ್ಲಿಸಿ. ಹೊರಗೆಲ್ಲ ಒರೆಸಿದ ಮೇಲೆ ತೆರೆದು, 300 ಗ್ರಾಂ ಉಳಿದಿದ್ದರೆ ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು, ಚಾಕುವಿನ ಹಿಡಿಯಿಂದ ತಳದವರೆಗೂ ತಿರುವಿ. ಸಾಲದಿದ್ದರೆ ಇನ್ನೊಂದು ಚಮಚ. ಮುಂದಿನ ಬಾಟ್ಲಿ ತಂದ ದಿನವೇ ತಲೆಕೆಳಗಾಗಿ ಇಡಿ, ಮಾರನೆಯ ದಿನ ಎಣ್ಣೆ ಅರ್ಧ ದಾರಿಯಲ್ಲಿರುತ್ತದೆ, ಕಲಸುವುದು ಸುಲಭ.