ಮಾವನವರಿಗೆ ಯಾವ ಬ್ಲಾಗ್ ಸುಲಭ? ಮೊದಲು ಬೆರಳಿಗೆ ಕನ್ನಡ ಬರಲಿ

ಪ್ರಶ್ನೆ: ನಾವು ಮಂಗಳೂರಿನಲ್ಲಿದ್ದೇವೆ. ಮಾವನವರು ಉಡುಪಿಯಲ್ಲಿ, ಬ್ಯಾಂಕಿನಿಂದ ನಿವೃತ್ತರು. ತಾವು ನೋಡಿದ ಯಕ್ಷಗಾನದ ಆಟಗಳ ಬಗ್ಗೆ ಬರೆಯಬೇಕೆಂದು ಅವರಿಗೆ ಬಹಳ ಆಸೆ. ಕೈಯಲ್ಲಿ ಫೋನ್ ಉಂಟು, ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್. ಅವರ ಮೂರ್ನಾಲ್ಕು ಸ್ನೇಹಿತರಿಗೂ ಆಸಕ್ತಿ ಇದೆ. ಖರ್ಚಿಲ್ಲದೆ, ಸುಲಭವಾಗಿ ಬ್ಲಾಗ್ ಮಾಡಲಿಕ್ಕೆ ಯಾವುದು ಒಳ್ಳೆಯದು?

ಉತ್ತರ:

ಗೂಗಲಿನ ಬ್ಲಾಗರ್ ಎಂಬ ತಾಣ. ಆದರೆ ಅದನ್ನು ತೆರೆಯುವ ಮೊದಲು ಒಂದು ವಾರ ಕನ್ನಡ ಟೈಪಿಂಗಿಗೆ ಕೊಡಿ.

ನಾನು ಮಂಗಳೂರಿನಲ್ಲಿ ನೆರೆಕರೆಯ ಹಿರಿಯರಿಗೆ ಇದನ್ನು ಆಗಾಗ ಕಲಿಸುತ್ತಾ ಬಂದಿದ್ದೇನೆ. ಬ್ಲಾಗ್ ಕಷ್ಟವಾಯಿತೆಂದು ಬಿಟ್ಟವರನ್ನು ನಾನು ನೋಡಿಲ್ಲ. ಬಿಟ್ಟವರೆಲ್ಲ ಬಿಟ್ಟದ್ದು ಒಂದು ಒತ್ತಕ್ಷರ ಹೊಡೆಯಲಿಕ್ಕೆ ಅರ್ಧ ನಿಮಿಷ ಹುಡುಕಬೇಕಾದಾಗ. ತಲೆಯಲ್ಲಿ ವಾಕ್ಯ ಓಡುತ್ತಿರುತ್ತದೆ, ಬೆರಳು ಹಿಂದೆ ಉಳಿಯುತ್ತದೆ, ಅಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಫೋನಿನಲ್ಲಿ ಗೂಗಲಿನ ಕೀಲಿಮಣೆ ಜಿಬೋರ್ಡ್ ಇದ್ದರೆ ಅದರಲ್ಲಿ ಕನ್ನಡ ಸೇರಿಸಿ. ಮೂರು ದಾರಿ ಸಿಗುತ್ತದೆ: ನೇರ ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವ ಕೀಲಿಮಣೆ, ಮತ್ತೆ ಬೆರಳಿನಲ್ಲಿ ಬರೆದದ್ದನ್ನು ಗುರುತಿಸುವುದು. ಮೂರನ್ನೂ ಅವರ ಮುಂದಿಟ್ಟು, ಯಾವುದು ಹಿಡಿಸಿತೋ ಅದನ್ನೇ ಉಳಿಸಿ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದವರು ಎಷ್ಟೋ ಸಲ ಬೆರಳಿನಲ್ಲಿ ಬರೆಯುವುದನ್ನೇ ಇಷ್ಟಪಡುತ್ತಾರೆ. ಮೈಕಿನ ಗುರುತು ಒತ್ತಿ ಮಾತಾಡಿದರೂ ಕನ್ನಡ ಮೂಡುತ್ತದೆ. ಸಾಮಾನ್ಯ ಮಾತಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪ್ರಸಂಗದ ಹೆಸರು, ಕಲಾವಿದರ ಹೆಸರು, ನಡುವೆ ಬರುವ ತುಳು, ಕುಂದಾಪುರದ ಕನ್ನಡ ಇವೆಲ್ಲ ಅದಕ್ಕೆ ಸರಿಯಾಗಿ ಕೇಳುವುದಿಲ್ಲ. ಮಾತಾಡಿ ಬರೆಸಿದ್ದನ್ನು ಕೂತು ಒಮ್ಮೆ ತಿದ್ದಲೇಬೇಕು.

ಕಂಪ್ಯೂಟರಿನಲ್ಲಿ ಬರೆಯುವುದಾದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಸಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಉಚ್ಚಾರಣೆಯನ್ನೇ ಅನುಸರಿಸುವುದರಿಂದ ನೆನಪಿಟ್ಟುಕೊಳ್ಳುವುದು ಸಲೀಸು. ಸರ್ಕಾರದ ನುಡಿ ತಂತ್ರಾಂಶದ ಕೀಲಿಮಣೆಯೂ ಅದರ ಮೇಲೆಯೇ ನಿಂತಿದೆ. ಇದನ್ನು ಮಾಡಿಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾವ್ ನಮ್ಮದೇ ಜಿಲ್ಲೆಯವರು ಎಂದು ಹೇಳಿ ನೋಡಿ, ನಿಮ್ಮ ಮಾವನವರಿಗೆ ಕಲಿಯುವ ಹುರುಪು ಇನ್ನಷ್ಟು ಬರಬಹುದು.

ಇಲ್ಲಿ ಒಂದು ಎಚ್ಚರಿಕೆ. ಅವರು ಹಿಂದೆ ಬರೆದದ್ದನ್ನು ಡಿಟಿಪಿಯವರಲ್ಲಿ ಟೈಪ್ ಮಾಡಿಸಿಟ್ಟಿದ್ದರೆ ಅದು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ, ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಹಾಗೇ ಬ್ಲಾಗಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಬರಹವೇ ಹಾಳಾಯಿತೆಂದು ಗಾಬರಿ ಬೇಡ, ಯೂನಿಕೋಡಿಗೆ ಪರಿವರ್ತಿಸುವ ಸವಲತ್ತು ಆ ತಂತ್ರಾಂಶಗಳಲ್ಲಿಯೇ ಉಂಟು.

ಇನ್ನು ಬ್ಲಾಗರ್ ಯಾಕೆ? ಅದು 1999ರಲ್ಲಿ ಶುರುವಾದದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಜಿಮೇಲ್ ಇದ್ದವರಿಗೆ ಬೇರೆ ಖಾತೆ ಬೇಡ, ದುಡ್ಡು ಬೇಡ, ನೀವಾಗಿ ಹಾಕದ ಹೊರತು ಜಾಹೀರಾತು ಇಲ್ಲ. ಮುಂದೆ ಸ್ವಂತ ಹೆಸರಿನ ವಿಳಾಸ ಬೇಕೆನಿಸಿದರೆ ಆ ಹೆಸರಿನ ವಾರ್ಷಿಕ ಶುಲ್ಕ ಮಾತ್ರ, ಅದನ್ನು ಜೋಡಿಸಲಿಕ್ಕೆ ಬ್ಲಾಗರ್ ಏನೂ ಕೇಳುವುದಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಬ್ಲಾಗಿನಲ್ಲಿ ಅವರ ಜಾಹೀರಾತು ಬರುತ್ತದೆ, ಸ್ವಂತ ವಿಳಾಸಕ್ಕೆ ದುಡ್ಡು ಕಟ್ಟಬೇಕು, ಅಲ್ಲಿನ ಮೆನುಗಳ ಸಂಖ್ಯೆ ನೋಡಿಯೇ ಹೊಸಬರು ಹಿಂಜರಿಯುತ್ತಾರೆ. ಹೋಸ್ಟಿಂಗ್ ಕೊಂಡು ನಾವೇ ವರ್ಡ್‌ಪ್ರೆಸ್ ಹಾಕುವುದಂತೂ ಈಗ ಬೇಡವೇ ಬೇಡ. ಮೀಡಿಯಮ್ ಬರೆಯಲಿಕ್ಕೆ ಬಹಳ ಚಂದ, ಓದಲಿಕ್ಕೆ ಬಂದವರನ್ನು ಮಾತ್ರ ಲಾಗಿನ್ ಆಗಿ ಎಂದು ಕೇಳುತ್ತಿರುತ್ತದೆ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಮುಂದಿನ ವರ್ಷ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಮಾವನವರು ಬರೆಯಹೊರಟದ್ದು ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಹುಡುಕಿಕೊಂಡು ಬರಬೇಕಾದ ವಿಷಯ.

ಬ್ಲಾಗರ್‌ಗೆ ಬೇರೆ ಆಪ್ ಬೇಡ. ಫೋನಿನ ಕ್ರೋಮಿನಲ್ಲಿಯೇ ಬ್ಲಾಗರ್ ಡಾಟ್ ಕಾಮ್ ತೆರೆಯಿರಿ, ಮೆನುವಿನಿಂದ ಹೋಮ್ ಸ್ಕ್ರೀನಿಗೆ ಅದರ ಗುರುತು ಇಟ್ಟುಕೊಡಿ. ಖಾತೆ ಕಡ್ಡಾಯವಾಗಿ ಅವರದೇ ಜಿಮೇಲಿನಲ್ಲಿರಲಿ. ನನ್ನ ಪರಿಚಯದ ಒಬ್ಬರಿಗೆ ಮಗ ತನ್ನ ಆಫೀಸಿನ ಇಮೇಲಿನಿಂದ ಬ್ಲಾಗ್ ಮಾಡಿಕೊಟ್ಟಿದ್ದ. ಅವನು ಕೆಲಸ ಬದಲಿಸಿದ ಮೇಲೆ ಆ ಬ್ಲಾಗಿನ ಒಳಗೆ ಹೋಗಲಿಕ್ಕೆ ಯಾರಿಗೂ ಆಗಲಿಲ್ಲ, ಅವರು ಎಲ್ಲವನ್ನೂ ಮತ್ತೆ ಮೊದಲಿನಿಂದ ಟೈಪ್ ಮಾಡಿದರು. ನೀವೋ ನಿಮ್ಮ ಯಜಮಾನರೋ ಎರಡನೆಯ ಅಡ್ಮಿನ್ ಆಗಿ ಸೇರಿಕೊಳ್ಳಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದನ್ನೂ ಮನೆಯವರೆಲ್ಲ ನೆನಪಿಟ್ಟುಕೊಳ್ಳಿ.

ಸೆಟ್ಟಿಂಗಿನಲ್ಲಿ ಮುಟ್ಟಬೇಕಾದ್ದು ಮೂರೇ. ಭಾಷೆ ಕನ್ನಡ ಮಾಡಿ. ಸಮಯ ಅಮೆರಿಕದ್ದು ಇದ್ದರೆ ಭಾರತದ್ದಕ್ಕೆ ತಿರುಗಿಸಿ, ಇಲ್ಲದಿದ್ದರೆ ಬೆಳಿಗ್ಗೆ ಹಾಕಿದ ಬರಹಕ್ಕೆ ನಿನ್ನೆಯ ತಾರೀಕು ಬೀಳುತ್ತದೆ. ಓದುಗರ ಪ್ರತಿಕ್ರಿಯೆಗಳು ಅವರು ಒಪ್ಪಿದ ಮೇಲಷ್ಟೇ ಕಾಣುವಂತೆ ಇಡಿ. ಥೀಮ್ ಯಾವುದಾದರೂ ಸರಳವಾದದ್ದು ಸಾಕು. ಬಣ್ಣ ಆರಿಸುತ್ತಾ ಕೂತರೆ ಆ ಸಂಜೆಯೇ ಮುಗಿದುಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೇ ಇರುವ ಒಂದು ರಗಳೆ ಇದೆ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಬರಹದ ಕೊಂಡಿಯಲ್ಲಿ ಶೀರ್ಷಿಕೆಯನ್ನೇ ಬಿಟ್ಟು, ಬರೇ ಬ್ಲಾಗ್‌ಪೋಸ್ಟ್ ಎಂದು ಇಟ್ಟು ಮುಂದೆ ಒಂದು ಅಂಕಿ ಸೇರಿಸುತ್ತದೆ. ಐವತ್ತು ಬರಹವಾದ ಮೇಲೆ ಯಾವ ಕೊಂಡಿ ಯಾವುದರದ್ದೆಂದು ಬರೆದವರಿಗೂ ತಿಳಿಯುವುದಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಇದರ ಉಲ್ಟಾ: ಕನ್ನಡ ಶೀರ್ಷಿಕೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ವಾಟ್ಸಾಪಿನ ಪರದೆ ತುಂಬುತ್ತದೆ, ಹಿರಿಯರು ಯಾವುದೋ ಮೋಸದ ಕೊಂಡಿ ಎಂದು ತಿಳಿದು ಮುಟ್ಟುವುದೇ ಇಲ್ಲ. ಎರಡಕ್ಕೂ ಪರಿಹಾರ ಒಂದೇ. ಪ್ರಕಟಿಸುವ ಮೊದಲು ಕೊಂಡಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದೊಂದು ಹೆಸರು ನಾವೇ ಕೊಡುವುದು. ಬ್ಲಾಗರ್‌ನಲ್ಲಿ ಬರಹದ ಪಕ್ಕದ ಪಟ್ಟಿಯಲ್ಲಿ ಪರ್ಮಾಲಿಂಕ್ ಎಂದು ಇರುತ್ತದೆ. ಹಂಚಿದ ಮೇಲೆ ಬದಲಿಸಿದರೆ ಹಳೆಯ ಕೊಂಡಿ ಸತ್ತುಹೋಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ.

ಕಲಿಸುವಾಗ ದಯವಿಟ್ಟು ಫೋನ್ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಅವರು ತಪ್ಪು ಜಾಗ ಒತ್ತಲಿ, ಹಿಂದೆ ಬರಲಿ, ನಿಧಾನವಾಗಲಿ. ನೀವು ಒತ್ತಿ ತೋರಿಸಿದ್ದು ಮರುದಿನಕ್ಕೆ ಉಳಿಯುವುದಿಲ್ಲ. ಹಂತಗಳನ್ನು ಅವರದೇ ಕೈಬರಹದಲ್ಲಿ, ಅವರದೇ ಮಾತಿನಲ್ಲಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿ. ನೀವು ಮಂಗಳೂರಿಗೆ ಮರಳಿದ ಮೇಲೆ ಅವರಿಗೆ ಜೊತೆಗಿರುವುದು ಆ ಪುಸ್ತಕ.

ಮೊದಲ ಬರಹ ಅದೇ ದಿನ ಪ್ರಕಟವಾಗಬೇಕು, ಇದರಲ್ಲಿ ರಾಜಿ ಬೇಡ. ಯಕ್ಷಗಾನದ ಇತಿಹಾಸ ಎಂದು ಹೊರಟರೆ ಅದು ಡ್ರಾಫ್ಟಿನಲ್ಲಿಯೇ ಉಳಿಯುತ್ತದೆ. ಮೊದಲು ನೋಡಿದ ಆಟ ಯಾವುದು, ಯಾವ ಮೇಳ (ಯಕ್ಷಗಾನ ತಂಡ), ಯಾರ ವೇಷ, ಯಾರ ಜೊತೆ ಹೋಗಿದ್ದರು ಎಂದು ನೀವು ಕೇಳುತ್ತಾ ಹೋಗಿ. ಅವರು ಹೇಳಿದ್ದರಲ್ಲಿ ಹತ್ತು ಸಾಲು ಟೈಪ್ ಮಾಡಿದರೆ ಒಂದು ಬರಹ ಆಯಿತು. ಕೊಂಡಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಅವರೇ ಕಳಿಸಲಿ. ಯಾರಾದರೊಬ್ಬರು ಓದಿ ಫೋನ್ ಮಾಡಿದರೆ ಎರಡನೆಯದನ್ನು ಬರೆಯಿರಿ ಎಂದು ನೀವು ಹೇಳಬೇಕಾಗಿಲ್ಲ. ಮೇಳಗಳು ವರ್ಷದ ತಿರುಗಾಟ ಮುಗಿಸಿ ಒಳಸೇರಿದ ಮೇಲೆ ನವೆಂಬರಿನ ತಿರುಗಾಟದ ವರೆಗಿನ ಮಳೆಗಾಲ ಇದಕ್ಕೆ ಹೇಳಿಮಾಡಿಸಿದ ಸಮಯ. ಫೋಟೋಗಳ ವಿಷಯದಲ್ಲಿ ಮಾತ್ರ, ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ಹಾಕಬೇಡಿ. ತೆಗೆದವರನ್ನು ಕೇಳಿ, ಹೆಸರು ಹಾಕಿ.

ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದಿಡುವುದು ನಿಮ್ಮ ಕೆಲಸವಾಗಲಿ. ಸೆಟ್ಟಿಂಗಿನಲ್ಲಿರುವ ಬ್ಯಾಕಪ್ ಮೂಲಕ ಎಲ್ಲ ಬರಹಗಳ ಫೈಲ್ ಇಳಿಸಿಕೊಳ್ಳಬಹುದು, ಆದರೆ ಫೋಟೋಗಳಿಗೆ ಅದನ್ನೇ ನಂಬಬೇಡಿ, ಅವನ್ನು ಬೇರೆಯೇ ಇಟ್ಟುಕೊಳ್ಳಿ. 2013ರಲ್ಲಿ ಪೋಸ್ಟರಸ್ ಎಂಬ ಬ್ಲಾಗ್ ತಾಣ ಮುಚ್ಚಿತು, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿತು. ಬ್ಲಾಗರ್ ಇಷ್ಟು ವರ್ಷ ಉಳಿದಿದೆ ಎಂಬ ನಂಬಿಕೆಯ ಮೇಲೆ ಒಬ್ಬರ ಜೀವಮಾನದ ನೆನಪುಗಳನ್ನು ಬಿಡಲಿಕ್ಕೆ ಆಗುವುದಿಲ್ಲ. ಈ ಫೈಲ್ ಕೈಯಲ್ಲಿದ್ದರೆ ನಾಳೆ ವರ್ಡ್‌ಪ್ರೆಸ್ಸಿಗೆ ಬರಹಗಳನ್ನು ಸಾಗಿಸಬಹುದು.

ಅವರ ಸ್ನೇಹಿತರಿಗೆ ಈಗಲೇ ಬೇರೆ ಬೇರೆ ಬ್ಲಾಗ್ ಬೇಡ ಎಂದು ನನ್ನ ಅಭಿಪ್ರಾಯ. ಬ್ಲಾಗರ್‌ನಲ್ಲಿ ಒಂದೇ ಬ್ಲಾಗಿಗೆ ಹಲವು ಲೇಖಕರನ್ನು ಇಮೇಲ್ ಮೂಲಕ ಕರೆಯಬಹುದು, ಪ್ರತಿಯೊಬ್ಬರ ಬರಹದಲ್ಲಿ ಅವರವರ ಹೆಸರೇ ಬರುತ್ತದೆ. ನಾಲ್ಕು ಜನ ತಿಂಗಳಿಗೆ ಒಂದೊಂದು ಬರೆದರೂ ವಾರಕ್ಕೊಂದು ಹೊಸ ಬರಹ ಸಿಗುತ್ತದೆ. ಯಕ್ಷಗಾನದ ಎರಡು ತಿಟ್ಟುಗಳಲ್ಲಿ (ಶೈಲಿಗಳಲ್ಲಿ) ಒಬ್ಬರಿಗೆ ತೆಂಕು, ಇನ್ನೊಬ್ಬರಿಗೆ ಬಡಗು ಎಂದಿದ್ದರೆ ಇನ್ನೂ ಒಳ್ಳೆಯದು, ಲೇಬಲಿನಲ್ಲಿ ಬೇರೆ ಮಾಡಿ ಇಡಬಹುದು. ಮಾವನವರು ಮೊದಲು ಕಲಿತು ಉಳಿದವರಿಗೆ ಅವರೇ ಹೇಳಿಕೊಡಲಿ.