ಅಪ್‌ಡೇಟ್ ಬಂದ್ ಮಾಡಬೇಡಿ, ಹಳೆಯ ಡಿಸ್ಕ್ ಎಸೆಯಬೇಡಿ

ಓದುಗರ ಪತ್ರ: ಕುಮಟಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಮದುವೆ ಕರೆಯೋಲೆ ಟೈಪ್ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ರಾತ್ರಿ ತಾನಾಗಿಯೇ ಅಪ್‌ಡೇಟ್ ಆದ ವಿಂಡೋಸ್, ಬೆಳಿಗ್ಗೆ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿತು. ರಿಪೇರಿಯವರು ಹೊಸ ಡಿಸ್ಕ್ ಹಾಕಿ, ಹಳೆಯದನ್ನು ಕವರಿನಲ್ಲಿಟ್ಟು ಕೊಟ್ಟರು. ‘ಇನ್ನು ಅಪ್‌ಡೇಟ್ ಬರದ ಹಾಗೆ ಮಾಡಿದ್ದೇನೆ’ ಎಂದರು. ಇದು ಸರಿಯೇ? 2024ರಲ್ಲಿ ವಿಮಾನಗಳನ್ನು ನಿಲ್ಲಿಸಿದ್ದೂ ಮೈಕ್ರೋಸಾಫ್ಟಿನ ಅಪ್‌ಡೇಟೇ ಅಲ್ಲವೇ? ನನ್ನ ನಷ್ಟಕ್ಕೆ ಹೊಣೆ ಯಾರು?

ಸಂಪಾದಕರ ಉತ್ತರ: ಅರ್ಜಿಯ ಕೊನೆಯ ದಿನಗಳಲ್ಲಿ ಅಂಗಡಿ ಮುಚ್ಚಿ ಕೂರಬೇಕಾದ ನಿಮ್ಮ ಸಂಕಟ ಅರ್ಥವಾಗುತ್ತದೆ. ಅದರಿಂದ ತೊಂದರೆಗೆ ಸಿಕ್ಕವರು ನೀವೊಬ್ಬರೇ ಅಲ್ಲ, ಊರಿನ ಮಕ್ಕಳೂ ಹೌದು.

ಮೊದಲು 2024ರ ವಿಷಯ. ಅಂದು ಕೆಟ್ಟದ್ದು ವಿಂಡೋಸ್ ಅಪ್‌ಡೇಟ್ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಕಳಿಸಿದ ಒಂದು ಸಣ್ಣ ಕಡತ. ಜುಲೈ 19ರಂದು ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಅದು ಹೊರಟಿತು. 78 ನಿಮಿಷದಲ್ಲಿ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಮಲಗಿದ್ದವೆಂದು ಮೈಕ್ರೋಸಾಫ್ಟೇ ಅಂದಾಜು ಮಾಡಿತು. ಆ ತಂತ್ರಾಂಶ 20 ಮಾಹಿತಿಗಳನ್ನಷ್ಟೇ ಒದಗಿಸುತ್ತಿತ್ತು, ಹೊಸ ಕಡತ 21ನೆಯದನ್ನೂ ಕೇಳಿತು. ಇಲ್ಲದ್ದನ್ನು ಓದಲು ಹೋಗಿ ತಂತ್ರಾಂಶ ಬಿತ್ತು. ಅದು ಕೆಲಸ ಮಾಡುತ್ತಿದ್ದದ್ದು ವಿಂಡೋಸಿನ ತಿರುಳಾದ ಕರ್ನಲ್‌ನಲ್ಲಾದ್ದರಿಂದ ಇಡೀ ಯಂತ್ರವೇ ಬಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಅದಕ್ಕೆ ಮೂರೇ ದಿನ ಮೊದಲು. ನಮ್ಮ ಜಿಲ್ಲೆಯ ಜನರ ಮನಸ್ಸೆಲ್ಲ ಅಲ್ಲಿತ್ತು, ಈ ಸುದ್ದಿ ಇಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ.

ಹಾಗೆಂದು ಮೈಕ್ರೋಸಾಫ್ಟ್ ತಪ್ಪೇ ಮಾಡಿಲ್ಲವೆಂದಲ್ಲ. 2018ರ ಜನವರಿಯಲ್ಲಿ ಅದರ ಭದ್ರತಾ ಅಪ್‌ಡೇಟ್ ಹಾಕಿಕೊಂಡ ಎಎಂಡಿ ಕಂಪನಿಯ ಪ್ರೊಸೆಸರ್ ಇದ್ದ ಕೆಲವು ಹಳೆಯ ಕಂಪ್ಯೂಟರುಗಳು ಮೇಲೇಳಲೇ ಇಲ್ಲ. ಅದೇ ಅಕ್ಟೋಬರಿನ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿತು. ಎರಡನ್ನೂ ತಡೆಹಿಡಿಯಬೇಕಾಯಿತು.

ಇಷ್ಟಾದರೂ ಬಂದ್ ಮಾಡಬೇಡಿ ಎಂದೇ ಹೇಳುತ್ತೇನೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಸುಣ್ಣ ಕಡಿಮೆಯಾಗಿ ಬೋರ್ಡೋ ದ್ರಾವಣ ಒಂದು ವರ್ಷ ಎಲೆ ಸುಟ್ಟಿತೆಂದು, ಮರುವರ್ಷ ಅಡಿಕೆಗೆ ಮದ್ದನ್ನೇ ಹೊಡೆಸದೆ ಕೊಳೆಗೆ ಬಿಡುವವರುಂಟೇ? ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇರುತ್ತವೆ. ಅವರ ಸಲುವಾಗಿಯಾದರೂ ಅಪ್‌ಡೇಟ್ ಬೇಕು.

ಬೇಕಾದದ್ದು ತಡ ಮಾಡುವ ಉಪಾಯ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಝ್’ (Pause) ಎಂದಿರುತ್ತದೆ, ಐದು ವಾರದವರೆಗೆ ಮುಂದೂಡಬಹುದು. ಅರ್ಜಿಯ ಗಡಿಬಿಡಿ ಮುಗಿಸಿ, ಬೇರೆಯವರಿಗೆ ಏನಾಯಿತೆಂದು ನೋಡಿಕೊಂಡು, ಹಗಲಿನಲ್ಲಿ ನಿಮ್ಮ ಕಣ್ಣೆದುರೇ ಹಾಕಿ. ನಮ್ಮಲ್ಲಿ ಮಳೆಗಾಲದ ರಾತ್ರಿ ಕರೆಂಟ್ ನೆಚ್ಚುವಂಥದ್ದಲ್ಲ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ಒಳ್ಳೆಯ ಅಪ್‌ಡೇಟೂ ಕಂಪ್ಯೂಟರನ್ನು ಕೆಡಿಸಬಲ್ಲದು. ನಿಮ್ಮಲ್ಲೂ ಹಾಗೇ ಆಗಿರಬಹುದು. ಮತ್ತೊಮ್ಮೆ ಹೀಗಾದರೆ, ಎರಡು ಮೂರು ಬಾರಿ ವಿಫಲವಾದ ಮೇಲೆ ಸಾಮಾನ್ಯವಾಗಿ ರಿಪೇರಿ ಪರದೆ ತಾನೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒತ್ತಿ ಕೊನೆಯ ಅಪ್‌ಡೇಟನ್ನು ತೆಗೆಯಿರಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಹೊಣೆಯ ಪ್ರಶ್ನೆಗೆ ನನ್ನ ಉತ್ತರ ಕಹಿಯಾದದ್ದು. ನಾವು ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಕರಾರಿನಲ್ಲಿ ಕಂಪನಿಗಳು ಪರಿಹಾರಕ್ಕೆ ಮಿತಿ ಹಾಕಿಟ್ಟಿರುತ್ತವೆ. ಇದು ಅನ್ಯಾಯ. ಕ್ರೌಡ್‌ಸ್ಟ್ರೈಕ್ ಆ ಕಡತವನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡಿದ್ದರೆ ಅಷ್ಟು ಹಾನಿ ಆಗುತ್ತಿರಲಿಲ್ಲ. ಹಂತಹಂತವಾಗಿ ಕಳಿಸುವ ಕ್ರಮವನ್ನು ಅದು ತಂದದ್ದು ಪೆಟ್ಟು ಬಿದ್ದ ಮೇಲೆ. ದೊಡ್ಡ ಗಿರಾಕಿಗಳಿಗೆ ವಕೀಲರಿದ್ದಾರೆ. ಕುಮಟಾದ ಅಂಗಡಿಗೆ ಒಂದು ದಿನದ ದುಡಿಮೆ ಹೋದರೆ ಕೇಳುವವರಿಲ್ಲ. ಗ್ರಾಹಕರ ಕಾನೂನು ಈ ಕಡೆ ಕಣ್ಣು ತೆರೆಯಲೇಬೇಕು, ಈ ಪತ್ರಿಕೆ ಅದನ್ನು ಕೇಳುತ್ತಲೇ ಇರುತ್ತದೆ.

ಇನ್ನು ಕವರಿನಲ್ಲಿರುವ ಹಳೆಯ ಡಿಸ್ಕ್. ಕೆಟ್ಟದ್ದು ವಿಂಡೋಸ್ ಮಾತ್ರವಾಗಿದ್ದರೆ ನಿಮ್ಮ ಕಡತಗಳೆಲ್ಲ ಅದರಲ್ಲೇ ಇರುವ ಸಂಭವ ಹೆಚ್ಚು. ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿ. ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರಿನ ಕೀ ಕೇಳಿದರೆ ಗಾಬರಿ ಬೇಡ. 48 ಅಂಕಿಯ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಪರದೆ ಕೇಳಿದರೆ ಮಾತ್ರ ಒಪ್ಪಬೇಡಿ. ಸಿಕ್ಕಿದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಂಡು, ಏನಾಯಿತೆಂದು ನಮಗೆ ಬರೆಯಿರಿ.