ರಾಷ್ಟ್ರಗೀತೆಗೆ ನಿಲ್ಲದ ಆಟಗಾರನಿಗೆ ಸಂವಿಧಾನದ ರಕ್ಷಣೆ ಇದೆಯೇ?

ಪ್ರಶ್ನೆ: ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಜಾಸ್ತಿ ಅಂತಾರೆ. ಆದರೂ ಜನಾಂಗೀಯ ಅನ್ಯಾಯ ಖಂಡಿಸಿ ರಾಷ್ಟ್ರಗೀತೆ ಹಾಡುವಾಗ ಮಂಡಿಯೂರಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್‌ಗೆ ಆಮೇಲೆ ಯಾವ ತಂಡವೂ ಸಿಗಲಿಲ್ಲ. ಇದು ಸಂವಿಧಾನಕ್ಕೆ ವಿರುದ್ಧ ಅಲ್ವಾ?

ಉತ್ತರ: ಅಲ್ಲ. ಬೇಜಾರಾಗಬಹುದು, ಆದರೆ ವಾಕ್ ಸ್ವಾತಂತ್ರ್ಯ ಕೊಡುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. 1943ರ ಬಾರ್ನೆಟ್ ಪ್ರಕರಣದಲ್ಲಿ, ಮಹಾಯುದ್ಧ ನಡೀತಿದ್ದಾಗಲೇ, ಧ್ವಜಕ್ಕೆ ವಂದಿಸುವಂತೆ ಶಾಲಾ ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವು ಸರ್ಕಾರಿ ಶಾಲೆಗಳು. ಫುಟ್‌ಬಾಲ್ ತಂಡಗಳು ಖಾಸಗಿಯವರದ್ದು.

ಹಾಗಾಗಿ ನೋಡಬೇಕಾದದ್ದು ಲೀಗಿನ ನಿಯಮ ಮತ್ತು ಆಟಗಾರನ ಒಪ್ಪಂದ. ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎದ್ದು ನಿಲ್ಲಲೇಬೇಕು ಎಂಬ ನಿಯಮವಿದೆ. 1996ರ ಮಾರ್ಚ್‌ನಲ್ಲಿ ಡೆನ್ವರ್ ತಂಡದ ಮಹಮೂದ್ ಅಬ್ದುಲ್ ರವೂಫ್, ಈ ಧ್ವಜ ದಬ್ಬಾಳಿಕೆಯ ಗುರುತು, ನನ್ನ ಧರ್ಮವೂ ಇದಕ್ಕೆ ಒಪ್ಪಲ್ಲ ಅಂತ ಎದ್ದು ನಿಲ್ಲದಿದ್ದಾಗ ಅಮಾನತು ಮಾಡಿದರು, ಒಂದು ಪಂದ್ಯದ ಸಂಬಳವೂ ಹೋಯಿತು. ಕೊನೆಗೆ ರಾಜಿಯಾಯಿತು: ಎದ್ದು ನಿಲ್ಲಬೇಕು, ಬೇಕಿದ್ದರೆ ಕಣ್ಣು ಮುಚ್ಚಿ ತಲೆ ತಗ್ಗಿಸಿ ಪ್ರಾರ್ಥನೆ ಮಾಡಿಕೊಳ್ಳಬಹುದು.

ಕೆಪರ್ನಿಕ್ ಕತೆ ಬೇರೆ. 2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನಿಯಮದಲ್ಲಿ ನಿಂತರೆ ಒಳ್ಳೆಯದು ಅಂತಿತ್ತೇ ಹೊರತು ನಿಲ್ಲಲೇಬೇಕು ಅಂತಿರಲಿಲ್ಲ. ಆತ ಮೊದಲು ಬೆಂಚಿನ ಮೇಲೆ ಕೂತೇ ಇರುತ್ತಿದ್ದ. ಸೇನೆಯಲ್ಲಿದ್ದು ಬಂದ ನೇಟ್ ಬಾಯರ್ ಜೊತೆ ಮಾತಾಡಿದ ಮೇಲೆ ಮಂಡಿಯೂರಲು ಶುರು ಮಾಡಿದ, ಅದರಲ್ಲಿ ಗೌರವವೂ ಕಾಣಲಿ ಅಂತ. (ಬೈದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತೋ!) ತಂಡ ಶಿಕ್ಷೆ ಕೊಡಲಿಲ್ಲ. 2017ರಲ್ಲಿ ಒಪ್ಪಂದದಿಂದ ಹೊರಬಂದದ್ದು ಆತನೇ. ಆಮೇಲೆ ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬ ಮಾಲೀಕ ನನಗೆ ಈತ ಬೇಡ ಅಂದರೆ ಅದು ಅವನಿಷ್ಟ. ಎಲ್ಲರೂ ಒಳಗೊಳಗೇ ಮಾತಾಡಿಕೊಂಡು ಬೇಡ ಅಂದರೆ, ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ ಮುರಿದಂತೆ. ಕೆಪರ್ನಿಕ್ 2017ರ ಅಕ್ಟೋಬರ್‌ನಲ್ಲಿ ದೂರು ಕೊಟ್ಟದ್ದು ಈ ಆಧಾರದ ಮೇಲೇ, ಸಂವಿಧಾನ ಹಿಡಿದುಕೊಂಡು ಅಲ್ಲ. 2019ರ ಫೆಬ್ರವರಿಯಲ್ಲಿ ರಾಜಿಯಾಯಿತು, ಮೊತ್ತ ಹೊರಗೆ ಹೇಳಲಿಲ್ಲ.

ಈ ನಡುವೆ, 2018ರ ಮೇನಲ್ಲಿ, ಮೈದಾನದಲ್ಲಿದ್ದರೆ ನಿಲ್ಲಲೇಬೇಕು, ಇಷ್ಟವಿಲ್ಲದವರು ಡ್ರೆಸಿಂಗ್ ರೂಮಿನಲ್ಲೇ ಇರಿ ಎಂದು ಎನ್‌ಎಫ್‌ಎಲ್ ಹೊಸ ನಿಯಮ ತಂದಿತು. ನನಗಂತೂ ಇದು ಟಿವಿ ಕ್ಯಾಮೆರಾಗೆ ಹೆದರಿ ಮಾಡಿದ ನಿಯಮ ಅನಿಸಿತು. ಆಟಗಾರರ ಸಂಘ ಸುಮ್ನಿರಲಿಲ್ಲ, ದೂರು ಕೊಟ್ಟಿತು. ಜುಲೈನಲ್ಲಿ ಆ ನಿಯಮವನ್ನು ತಡೆಹಿಡಿದರು.